ಕುದುರೆ ಓಡುವ ದಾರಿ, ಕೇರಿಗೆ ಹೋಗುವ ದಾರಿ

1967ರ ಮೇ ತಿಂಗಳ ಮೊದಲ ವಾರ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಚರ್ಚಿಲ್ ಡೌನ್ಸ್ ಅಂತ ಒಂದು ರೇಸ್‌ಕೋರ್ಸ್. 1875ರಿಂದ ನಡೆದುಕೊಂಡು ಬಂದಿರುವ ಕೆಂಟಕಿ ಡರ್ಬಿಗೆ ಇನ್ನು ಕೆಲವೇ ದಿನ ಬಾಕಿ. ಆ ದಿನದ ಮೊದಲ ರೇಸಿನಲ್ಲಿ ಕುದುರೆಗಳು ಓಡಿ ಬರುತ್ತಿದ್ದಾಗ ಐವರು ಕಪ್ಪು ಯುವಕರು ಟ್ರ್ಯಾಕಿಗೆ ಇಳಿದು ಕುದುರೆಗಳ ಮುಂದೆ ಓಡಿದರು. ಅವರಿಗೆ ಬೇಕಾಗಿದ್ದದ್ದು ರೇಸಿಗೆ ಪ್ರವೇಶ ಅಲ್ಲ. ತಮ್ಮ ಊರಿನ ಯಾವ ಬೀದಿಯಲ್ಲಾದರೂ ಮನೆ ಕೊಳ್ಳುವ, ಬಾಡಿಗೆಗೆ ಹಿಡಿಯುವ ಹಕ್ಕು.

ಈ ಘಟನೆಯನ್ನು ಈಗ ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ಒಂದು, ಕ್ರೀಡಾ ಇತಿಹಾಸದ ಸ್ವಾರಸ್ಯದ ತುಣುಕಾಗಿ: ‘ಆ ವರ್ಷ ಡರ್ಬಿ ನಿಂತೇ ಹೋಗ್ತಿತ್ತಂತೆ, ಸದ್ಯ ತಪ್ಪಿತು.’ ಇನ್ನೊಂದು, ಬುದ್ಧಿವಾದವಾಗಿ: ‘ಆಟದೊಳಗೆ ರಾಜಕೀಯ ಯಾಕೆ ತರಬೇಕು?’ ಎರಡೂ ಗ್ಯಾಲರಿಯಲ್ಲಿ ಕೂತವರ ಮಾತು. ಮನೆ ಸಿಗದವನ ಕಡೆಯಿಂದ ಇದನ್ನು ಓದಿದರೆ ಬೇರೆ ಕತೆ ಕಾಣುತ್ತದೆ. ಆ ಕತೆ ನಂಜನಗೂಡು, ಟಿ. ನರಸೀಪುರದವರೆಗೂ ಬರುತ್ತದೆ ಎನ್ನುವುದು ನನ್ನ ವಾದ.

ಮೊದಲು ಲೂಯಿವಿಲ್‌ನ ಮನೆಗಳ ಲೆಕ್ಕ ನೋಡೋಣ. ಬಿಳಿಯರು ಹೆಚ್ಚಿರುವ ಬೀದಿಯಲ್ಲಿ ಕಪ್ಪು ಜನ ಬಂದು ವಾಸಿಸಬಾರದು ಅಂತ ಆ ನಗರ 1914ರಲ್ಲಿ ಕಾನೂನೇ ಮಾಡಿಕೊಂಡಿತ್ತು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾವ ಆಧಾರದ ಮೇಲೆ ಗೊತ್ತಾ? ಆಸ್ತಿ ಇರುವವನು ತನಗೆ ಬೇಕಾದವರಿಗೆ ಮಾರಬಹುದು ಅನ್ನುವ ಆಧಾರದ ಮೇಲೆ. ಮಾರುವವನ ಸ್ವಾತಂತ್ರ್ಯ ಉಳಿಯಿತು, ಕೊಳ್ಳುವವನ ಸಮಾನತೆಯ ಮಾತು ಹಾಗೇ ಪಕ್ಕಕ್ಕೆ ಉಳಿಯಿತು. ಕಾನೂನು ಹೋದರೂ ಬ್ರೋಕರ್, ಬ್ಯಾಂಕು, ಅಕ್ಕಪಕ್ಕದವರು ಸೇರಿ ಅದೇ ಗೆರೆಯನ್ನು ಕಾಯ್ದುಕೊಂಡು ಬಂದರು.

1954ರಲ್ಲಿ ಆಂಡ್ರ್ಯೂ ವೇಡ್ ಎಂಬ ಕಪ್ಪು ಗೃಹಸ್ಥನಿಗೆ ಬಿಳಿಯರ ಬಡಾವಣೆಯಲ್ಲಿ ಯಾರೂ ಮನೆ ಮಾರಲಿಲ್ಲ. ಕಾರ್ಲ್ ಮತ್ತು ಆ್ಯನ್ ಬ್ರೇಡನ್ ಎಂಬ ಬಿಳಿಯ ದಂಪತಿ ತಮ್ಮ ಹೆಸರಲ್ಲಿ ಕೊಂಡು ಅವನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ ಆ ಮನೆಗೆ ಡೈನಮೈಟ್ ಇಟ್ಟರು. ಸ್ಫೋಟಿಸಿದವರಿಗೆ ಶಿಕ್ಷೆ ಆಗಲಿಲ್ಲ. ಮನೆ ಕೊಡಿಸಿದ ಕಾರ್ಲ್ ಬ್ರೇಡನ್ ಮೇಲೆ ರಾಜದ್ರೋಹದ ಕೇಸು ಬಿತ್ತು, ಜೈಲಾಯಿತು. ಆ ತೀರ್ಪು ಮುಂದೆ ರದ್ದಾಯಿತು ಅನ್ನುವುದು ಬೇರೆ ಮಾತು.

ಇನ್ನು ಡರ್ಬಿಯ ಲೆಕ್ಕ. 1875ರ ಮೊದಲ ಡರ್ಬಿಯಲ್ಲಿ ಕುದುರೆ ಏರಿದ 15 ಜಾಕಿಗಳಲ್ಲಿ 13 ಜನ ಕಪ್ಪು ಸವಾರರು. ಗೆದ್ದವನು ಆಲಿವರ್ ಲೂಯಿಸ್, ಅವನೂ ಕಪ್ಪು. ರೇಸಿನಲ್ಲಿ ದುಡ್ಡು, ಹೆಸರು ಹೆಚ್ಚಾಗುತ್ತ ಹೋದ ಹಾಗೆ ಅವರನ್ನು ಹೊರಗೆ ತಳ್ಳಿದರು. 1921ರ ನಂತರ 2000ದವರೆಗೆ ಡರ್ಬಿಯಲ್ಲಿ ಒಬ್ಬ ಕಪ್ಪು ಜಾಕಿಯೂ ಇರಲಿಲ್ಲ. ಅಂದಮೇಲೆ ‘ಆಟದೊಳಗೆ ರಾಜಕೀಯ ತಂದರು’ ಅನ್ನುವ ದೂರನ್ನು 1967ರ ಆ ಐವರ ಮೇಲೆ ಹೊರಿಸುವುದು ಎಷ್ಟು ಸರಿ? ಅದು ಅಲ್ಲಿ ಆಗಲೇ ಇತ್ತು, ಟೋಪಿ ಹಾಕಿಕೊಂಡು ಗ್ಯಾಲರಿಯಲ್ಲಿ ಕೂತಿತ್ತು.

1967ರ ಏಪ್ರಿಲ್‌ನಲ್ಲಿ ಲೂಯಿವಿಲ್ ನಗರಸಭೆ ಮನೆ ವಿಚಾರದಲ್ಲಿ ಭೇದ ಮಾಡಬಾರದೆಂಬ ಕಾನೂನನ್ನು ತಿರಸ್ಕರಿಸಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ತಮ್ಮ ಎ.ಡಿ. ಕಿಂಗ್ ಅದೇ ಊರಿನ ಪಾದ್ರಿ. ಅವರೂ ಸೇರಿ ನಡೆಸಿದ ಮೆರವಣಿಗೆಗಳು ಬಿಳಿಯರ ಬಡಾವಣೆಗಳೊಳಗೆ ಹೊರಟವು. ಕಲ್ಲು, ಬಾಟಲಿ ಬಿದ್ದವು. ಅದೇ ಊರಿನ ಮಗ ಮಹಮ್ಮದ್ ಅಲಿ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿದ್ದ. ಇದಾಗಿ ಎಂಟು ದಿನಕ್ಕೆ ಡರ್ಬಿ. ಮನೆ ಕೊಡದಿದ್ದರೆ ಡರ್ಬಿ ನಡೆಯಲು ಬಿಡುವುದಿಲ್ಲ ಎಂಬ ಮಾತು ಊರೆಲ್ಲ ಹರಡಿತು. ಡರ್ಬಿಗೆ ಮುಂಚೆ ನಡೆಯುವ ದೊಡ್ಡ ಮೆರವಣಿಗೆಯನ್ನು ಸಂಘಟಕರು ರದ್ದು ಮಾಡಿದರು. ನ್ಯಾಷನಲ್ ಗಾರ್ಡ್ ಬಂದು ನಿಂತಿತು.

ಆಮೇಲೆ ಆಗಿದ್ದೇನು? ಡರ್ಬಿಯ ದಿನ ಟ್ರ್ಯಾಕಿಗೆ ನುಗ್ಗುವುದು ಬೇಡ ಅಂತ ಕಿಂಗ್ ಮತ್ತು ಚಳವಳಿಯವರು ನಿರ್ಧರಿಸಿದರು. ಮೇ 6ರಂದು ರೇಸು ನಡೆಯಿತು, ಪ್ರೌಡ್ ಕ್ಲಾರಿಯನ್ ಎಂಬ ಕುದುರೆ ಗೆದ್ದಿತು. ‘ನೋಡಿದ್ರಾ, ಕೊನೆಗೆ ಹಿಂದೆ ಸರಿದ್ರು’ ಅಂತ ಹೇಳುವವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟ ಇರುವುದು ಅದೇ ವರ್ಷದ ನವೆಂಬರ್‌ನಲ್ಲಿ. ನಗರಸಭೆ ಚುನಾವಣೆಯಲ್ಲಿ ಹಳಬರು ಸೋತರು, ಹೊಸಬರು ಬಂದರು. ಡಿಸೆಂಬರ್‌ನಲ್ಲಿ ಅದೇ ಕಾನೂನು ಪಾಸಾಯಿತು. ಮರುವರ್ಷ ಏಪ್ರಿಲ್‌ನಲ್ಲಿ, ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, ಇಡೀ ಅಮೆರಿಕಕ್ಕೆ ಅನ್ವಯಿಸುವ ಫೇರ್ ಹೌಸಿಂಗ್ ಆ್ಯಕ್ಟ್ ಬಂತು.

ಇಲ್ಲಿ ಎರಡು ಬೇರೆ ಬೇರೆ ಕೆಲಸ ನಡೆದಿವೆ. ಡರ್ಬಿ ಮಾಡಿದ್ದು ತೋರಿಸುವ ಕೆಲಸ. ವರ್ಷವೆಲ್ಲ ಯಾರ ಕಣ್ಣಿಗೂ ಬೀಳದ ಗೆರೆ, ಹೊರಗಿನವರು ಬಂದು ನೋಡುವ ಒಂದು ದಿನ ಕಾಣಿಸಿತು. ವೋಟು ಮಾಡಿದ್ದು ಬದಲಿಸುವ ಕೆಲಸ. ತೋರಿಸದೆ ಹೋಗಿದ್ದರೆ ವೋಟು ಹಾಕುವವರಿಗೆ ಅದು ವಿಷಯವೇ ಆಗುತ್ತಿರಲಿಲ್ಲ. ತೋರಿಸಿ ಸುಮ್ಮನಾಗಿದ್ದರೆ ಅದೊಂದು ಗಲಾಟೆಯಾಗಿ ಉಳಿಯುತ್ತಿತ್ತು.

ಈಗ ನಮ್ಮ ಕಡೆ ಬರೋಣ. ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಕೇರಿ ನನ್ನದು. ಕೆಲಸ ಬೆಂಗಳೂರಲ್ಲಿ. ‘ಅಮೆರಿಕದ್ದು ಅಮೆರಿಕಕ್ಕೆ, ಇಲ್ಲಿಯದ್ದು ಅಷ್ಟು ಕೆಟ್ಟಿಲ್ಲ’ ಅಂತ ಆಫೀಸಿನಲ್ಲಿ ಕಾಫಿ ಕುಡಿಯುತ್ತ ಹೇಳುವವರನ್ನು ಎಷ್ಟೋ ಸಲ ಕೇಳಿದ್ದೇನೆ. ಕರ್ನಾಟಕದ ಹಳ್ಳಿಗಳಲ್ಲಿ ಯಾವ ಜಾತಿಯವರ ಮನೆ ಎಲ್ಲಿದೆ ಅಂತ ಲೆಕ್ಕ ಹಾಕಿ ಐಐಎಂ ಬೆಂಗಳೂರಿನ ಸಂಶೋಧಕರ ತಂಡವೊಂದು ಅಧ್ಯಯನ ಮಾಡಿದೆ. ನಮ್ಮ ಹಳ್ಳಿಗಳ ಒಳಗಿನ ವಿಂಗಡಣೆ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು–ಬಿಳಿ ವಿಂಗಡಣೆಗಿಂತ ಹೆಚ್ಚು ಅನ್ನುವುದು ಅವರು ಕಂಡುಕೊಂಡ ಸಂಗತಿ. ಕೇರಿಯವರಿಗೆ ಇದು ಹೊಸ ಸುದ್ದಿಯೇನಲ್ಲ ಬಿಡಿ. ನಮ್ಮಲ್ಲಿ ‘ಊರು’ ಅಂದರೆ ಒಂದು, ‘ಕೇರಿ’ ಅಂದರೆ ಇನ್ನೊಂದು. ‘ಊರೊಳಕ್ಕೆ ಹೋಗ್ಬತ್ತೀನಿ’ ಅಂತ ನಮ್ಮ ಅವ್ವ ಹೇಳುವಾಗ ಅವಳು ಇರುವುದು ಅದೇ ಊರಿನಲ್ಲಿ, ನಡೆಯಬೇಕಾದ ದೂರ ಇನ್ನೂರು ಹೆಜ್ಜೆ. ಆ ಒಂದು ಪದವೇ ಅವಳನ್ನು ಊರಿನ ಹೊರಗಿಡುತ್ತದೆ.

ನಮ್ಮ ದೇಶದಲ್ಲಿ ಕಾನೂನು ಲೂಯಿವಿಲ್‌ಗಿಂತ ಮೊದಲೇ ಬಂತು ಎನ್ನುವುದನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯಿತು. ಅದರ 4ನೇ ಕಲಂ ಓದಿ ನೋಡಿ. ಅಸ್ಪೃಶ್ಯತೆಯ ಕಾರಣ ಇಟ್ಟುಕೊಂಡು, ಯಾವುದೇ ಪ್ರದೇಶದಲ್ಲಾಗಲಿ, ಒಬ್ಬರು ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಲೂಯಿವಿಲ್ ನಗರಸಭೆ ಮಣಿಯುವುದಕ್ಕೆ 12 ವರ್ಷ ಮೊದಲು ನಮ್ಮ ಸಂಸತ್ತು ಇದನ್ನು ಬರೆದಿಟ್ಟಿತು.

ಹಾಗಾದರೆ ವೋಟು? ಅದೂ ಇದೆ. ನಂಜನಗೂಡು, ಟಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನರಸೀಪುರದಿಂದ ಗೆದ್ದ ಎಚ್.ಸಿ. ಮಹದೇವಪ್ಪನವರು 2023ರಲ್ಲಿ ರಾಜ್ಯದ ಸಮಾಜ ಕಲ್ಯಾಣ ಸಚಿವರೂ ಆದರು. ಲೂಯಿವಿಲ್‌ನವರು ಬೀದಿಗಿಳಿದು ಪಡೆದದ್ದರಲ್ಲಿ ಕಾನೂನು, ಪ್ರಾತಿನಿಧ್ಯ ಎರಡೂ ನಮ್ಮ ಕೈಯಲ್ಲಿ ಮೊದಲೇ ಇವೆ. ಆದರೂ ಊರು ಊರಾಗಿ, ಕೇರಿ ಕೇರಿಯಾಗಿ ಉಳಿದಿವೆ. ಸರ್ಕಾರ ಹೊಸ ಮನೆ ಕೊಟ್ಟಾಗಲೂ ಜಾಗ ಹುಡುಕುವುದು ಕೇರಿಯ ಹಿಂದುಗಡೆಯೇ. ಅಲ್ಲಿಗೊಂದು ಬೋರ್ಡು ಬರುತ್ತದೆ, ಜನತಾ ಕಾಲೋನಿ ಅಂತಲೋ ಅಂಬೇಡ್ಕರ್ ನಗರ ಅಂತಲೋ. ಗೋಡೆ ತಾರಸಿ ಆಗುತ್ತದೆ, ಬಾಗಿಲಿಗೆ ಬಣ್ಣ ಬರುತ್ತದೆ, ವಿಳಾಸ ಮಾತ್ರ ಅದೇ.

ನಮಗೆ ಕೊರತೆ ಇರುವುದು ಮೊದಲನೆಯ ಕೆಲಸದಲ್ಲಿ, ತೋರಿಸುವುದರಲ್ಲಿ. ನಮ್ಮ ಕಡೆಯ ದೊಡ್ಡ ದಿನಗಳೆಲ್ಲ ಮುಚ್ಚುವುದರಲ್ಲಿ ಬಹಳ ಪಳಗಿವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ, ಜನಸಾಗರ ಸೇರುತ್ತದೆ. ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ, ಕಾವೇರಿ–ಕಪಿಲೆ ಕೂಡುವಲ್ಲಿ ಎಲ್ಲರೂ ಮುಳುಗಿ ಏಳುತ್ತಾರೆ. ‘ನೋಡಿ, ಇಲ್ಲಿ ಯಾರ ಜಾತಿ ಯಾರು ಕೇಳ್ತಾರೆ?’ ಅಂತ ಮೈಕಿನಲ್ಲಿ ಹೇಳುವುದಕ್ಕೆ ಅಂಥ ದಿನ ಬಹಳ ಅನುಕೂಲ. ಆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ, ನಿಜ. ಸಂಜೆ ಬಸ್ಸಿಳಿದು ಮನೆ ಕಡೆ ತಿರುಗುವಾಗ ಕೇಳುವ ಅಗತ್ಯವೇ ಬೀಳುವುದಿಲ್ಲ. ಯಾರು ಯಾವ ಕಡೆ ತಿರುಗುತ್ತಾರೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಆಟವೂ ಇದಕ್ಕೆ ಹೊರತಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು ಆಡಿ ಬೆಳೆದವನು ನಾನು. ಮೈದಾನದಲ್ಲಿ ನಾನು ಓಪನಿಂಗ್ ಬೌಲರ್. ಊರ ಹುಡುಗರು ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದಾರೆ, ಆ ಸ್ನೇಹ ಸುಳ್ಳಲ್ಲ. ಆದರೆ ಗೆದ್ದ ಕಪ್ಪನ್ನು ಇಡುತ್ತಿದ್ದದ್ದು ಯಾರ ಮನೆ ಶೋಕೇಸಿನಲ್ಲಿ, ಅಲ್ಲಿಗೆ ಹೋಗಿ ಆ ಕಪ್ಪು ನೋಡಲು ನನಗೆ ಎಷ್ಟು ಹೊಸ್ತಿಲು ಅಡ್ಡ ಬರುತ್ತಿದ್ದವು ಅಂತ ಟೀಮಿನಲ್ಲಿ ಯಾರೂ ಒಂದು ದಿನ ಮಾತಾಡಿದ್ದಿಲ್ಲ. ಆಟ ಎರಡು ಗಂಟೆ ಸಮಾನತೆ ಕೊಡುತ್ತದೆ. ಉಳಿದ ಇಪ್ಪತ್ತೆರಡು ಗಂಟೆ ಎಲ್ಲಿರಬೇಕು ಅಂತ ಹೇಳುವುದು ಮನೆ.

ನಮ್ಮಲ್ಲೂ ಒಮ್ಮೆ ಆ ಗೆರೆ ದೇಶಕ್ಕೆಲ್ಲ ಕಾಣಿಸಿತು, ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ. 1927ರಲ್ಲಿ ಗಾಂಧಿ ಬಂದು ಹೋದ ಖಾದಿ ಕೇಂದ್ರ ಇರುವ ಊರದು. ಅಲ್ಲಿನ ಸಿದ್ದೇಶ್ವರ ದೇವಸ್ಥಾನದ ಪ್ರವೇಶದ ವಿಚಾರವಾಗಿ ಎದ್ದ ಜಗಳದಲ್ಲಿ 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾಯಿತು. ಆಮೇಲೆ ಲಿಂಗಾಯತರ ಬೀದಿಯನ್ನೂ ದಲಿತರ ಕೇರಿಯನ್ನೂ ಕೂಡಿಸುತ್ತಿದ್ದ ರಸ್ತೆಯ ಬಳಕೆಯೇ ನಿಂತಿತು. ಇಪ್ಪತ್ತೊಂಬತ್ತು ವರ್ಷ. ಆ ಊರಿನಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಮಕ್ಕಳಾದವರ ಇಡೀ ಒಂದು ತಲೆಮಾರು ಆ ರಸ್ತೆಯನ್ನು ದಾರಿಯಾಗಿ ಕಂಡಿರಲಿಲ್ಲ.

2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆಯಲ್ಲಿ ರಾಹುಲ್ ಗಾಂಧಿ ಬದನವಾಳಿಗೆ ಬಂದರು. ಆ ರಸ್ತೆಯನ್ನು ಸರಿಪಡಿಸಿ ಮತ್ತೆ ತೆರೆದರು, ಎರಡೂ ಕಡೆಯವರು ಒಟ್ಟಿಗೆ ಕೂತು ಊಟ ಮಾಡಿದರು. ಒಳ್ಳೆಯ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮುಚ್ಚಿದ ದಾರಿ ತೆರೆಯುವುದನ್ನು ಯಾವ ಪಕ್ಷ ಮಾಡಿದರೂ ಅದು ಆಗಬೇಕಾದ್ದೇ. ನನ್ನ ತಕರಾರು ಅದನ್ನು ತೋರಿಸಿದ ರೀತಿಯ ಬಗ್ಗೆ. ಲೂಯಿವಿಲ್‌ನಲ್ಲಿ ದೊಡ್ಡ ದಿನ ಬಂದಾಗ ಗೆರೆಯ ಈಚೆ ಇದ್ದವರು ಎದ್ದು ಗೆರೆ ತೋರಿಸಿದರು. ಬದನವಾಳಿನಲ್ಲಿ ದೊಡ್ಡ ದಿನ ಬಂದಾಗ ಗೆರೆ ಅಳಿಸಿಯಾಗಿತ್ತು, ಕ್ಯಾಮೆರಾಗಳು ತೋರಿಸಿದ್ದು ಅಳಿಸಿದ ಮೇಲಿನ ಚಿತ್ರವನ್ನು. ನೋಡಿದವರಿಗೆ ‘ಅಬ್ಬಾ, ಒಂದು ಸಮಸ್ಯೆ ಮುಗೀತು’ ಅನ್ನುವ ನೆಮ್ಮದಿ. ರಸ್ತೆ ಎರಡು ಬೀದಿಗಳ ನಡುವೆ ಓಡಾಡಲು ಬಿಡುತ್ತದೆ. ಒಂದು ಬೀದಿಯವರು ಇನ್ನೊಂದು ಬೀದಿಯಲ್ಲಿ ಸೈಟು ಕೇಳಿದರೆ ಕೊಡುತ್ತಾರಾ ಅನ್ನುವುದು ಬೇರೆಯದೇ ಪ್ರಶ್ನೆ. ಆ ಪ್ರಶ್ನೆಯನ್ನು ಆ ದಿನ ಯಾರೂ ಮೈಕು ಹಿಡಿದು ಕೇಳಲಿಲ್ಲ. ನಮ್ಮ ಸುತ್ತಿನ ಎಷ್ಟೋ ಊರುಗಳಲ್ಲಿ ಅದನ್ನು ಕೇಳುವ ದಿನವೇ ಬಂದಿಲ್ಲ.

ತೋರಿಸುವ ಕೆಲಸವನ್ನು ನಮ್ಮ ಸೀಮೆಯಲ್ಲಿ ನಿಜವಾಗಿ ಮಾಡಿದ್ದು ಒಂದು ಕಾದಂಬರಿ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಬರೆದ ‘ಕುಸುಮಬಾಲೆ’. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಅದರ ಬಗ್ಗೆ ನಮ್ಮ ವಿಮರ್ಶೆ ಹೆಚ್ಚು ಮಾತಾಡಿರುವುದು ಭಾಷೆಯ ಬಗ್ಗೆ, ಜಾನಪದದ ಬಗ್ಗೆ, ಮಾಂತ್ರಿಕ ವಾಸ್ತವದ ಬಗ್ಗೆ. ‘ಓದೋಕೆ ಕಷ್ಟ ಕಣ್ರೀ’ ಅನ್ನುವ ಹೊಗಳಿಕೆಯ ಬಗ್ಗೆಯೂ. ನಾನು ಅದನ್ನು ಮನೆಗಳ ಕಾದಂಬರಿ ಅಂತ ಓದುತ್ತೇನೆ. ಕೇರಿಯ ಚೆನ್ನನಿಗೂ ಮೇಲ್ಜಾತಿಯ ಕುಸುಮಳಿಗೂ ಪ್ರೀತಿ. ಅದಕ್ಕೆ ಅವನು ಪ್ರಾಣ ಕೊಡಬೇಕಾಗುತ್ತದೆ. ಒಂದೇ ಊರಿನ ಎರಡು ವಿಳಾಸಗಳ ನಡುವಿನ ದೂರ ಎಷ್ಟು ಅನ್ನುವುದಕ್ಕೆ ಇದಕ್ಕಿಂತ ಖಚಿತವಾದ ಅಳತೆ ಇನ್ನೊಂದಿಲ್ಲ.

ಆ ಕಾದಂಬರಿಯಲ್ಲಿ ರಾತ್ರಿ ಊರು ಮಲಗಿದ ಮೇಲೆ ಮನೆಮನೆಯ ದೀಪದ ಜೋತಮ್ಮಗಳು ಹೊರಗೆ ಬಂದು ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಇದನ್ನು ಬರೀ ಕಲ್ಪನೆಯ ಬೆಡಗು ಅಂತ ಮೆಚ್ಚಿ ಮುಂದೆ ಹೋಗುವುದು ಸುಲಭ. ಹಗಲು ಮನುಷ್ಯರು ಹೀಗೆ ಸೇರಿ ಮಾತಾಡಲಾಗದ ಊರಿನಲ್ಲಿ ಆ ಕೆಲಸಕ್ಕೆ ದೀಪಗಳೇ ಬೇಕಾದವು ಅಂತ ಓದಿದರೆ ಎದೆ ಭಾರವಾಗುತ್ತದೆ. ಗೋಡೆಯೊಳಗೆ ನಡೆದದ್ದನ್ನು ಹೊರಗೆ ತಂದು ಇಡುವುದು ಪ್ರತಿಭಟನೆಯ ಕೆಲಸವೇ. ಘೋಷಣೆ ಕೂಗದೆಯೂ ಅದು ಆಗಬಹುದು ಅಂತ ದೇವನೂರರು ತೋರಿಸಿದರು. ನಾವು ಅದಕ್ಕೆ ಪ್ರಶಸ್ತಿ ಕೊಟ್ಟೆವು, ಸಿಲಬಸ್ಸಿಗೆ ಹಾಕಿದೆವು, ಕಷ್ಟದ ಭಾಷೆ ಅಂತ ಹೇಳಿ ಅದರ ಸುದ್ದಿಯಿಂದ ತಪ್ಪಿಸಿಕೊಂಡೆವು.

‘ಇದೆಲ್ಲ ಹಳ್ಳಿ ಕತೆ, ಸಿಟಿಯಲ್ಲಿ ಯಾರು ಕೇಳ್ತಾರೆ?’ ಅಂತ ನೀವು ಅಂದುಕೊಳ್ಳುತ್ತಿದ್ದರೆ, ಅಂಬೇಡ್ಕರರನ್ನು ನೆನಪಿಸಿಕೊಳ್ಳಿ. ಲೂಯಿವಿಲ್ ಕಾನೂನು ರದ್ದಾದ ಅದೇ 1917ರಲ್ಲಿ ನ್ಯೂಯಾರ್ಕ್, ಲಂಡನ್‌ನಲ್ಲಿ ಓದಿ ಬಂದ ಅವರು ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಇರಲು ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಕೆಲವು ದಿನ ಇದ್ದರು. ಗೊತ್ತಾದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಅದು ನಗರವೇ, ಅವರು ಆಗಿನ ಕಾಲದ ಯಂಗ್ ಪ್ರೊಫೆಷನಲ್ಲೇ.

ಈಗ ದೊಣ್ಣೆ ಬೇಕಾಗುವುದಿಲ್ಲ. ಬೆಂಗಳೂರಿಗೆ ಬಂದು ನಾನು ಮನೆ ಹುಡುಕುವಾಗ ಬ್ರೋಕರ್ ಮೊದಲು ಕೇಳಿದ್ದು ಸಂಬಳ, ಆಮೇಲೆ ಕಂಪನಿ. ಎರಡಕ್ಕೂ ಓನರ್ ಆಂಟಿ ತಲೆ ಆಡಿಸಿದರು. ಮೂರನೆಯದನ್ನು ಬಹಳ ಮರ್ಯಾದೆಯಿಂದ ಕೇಳಿದರು: ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಮೈಸೂರು ಕಡೆಯವನು ಅಂದೆ. ‘ಅಲ್ಲ, ಅದು ಗೊತ್ತಾಯ್ತು. ಜನ ಯಾವುದು?’ ಹೇಳಿದೆ. ‘ನಮ್ಮ ಯಜಮಾನ್ರನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಪ್ಪ’ ಅಂದರು. ಆ ಫೋನು ಬರಲಿಲ್ಲ. ಆ ಗೇಟಿಗೆ ನೇತುಹಾಕಿದ್ದ ‘ಸಸ್ಯಾಹಾರಿಗಳಿಗೆ ಮಾತ್ರ’ ಬೋರ್ಡು ಊಟದ ಬಗ್ಗೆಯಷ್ಟೇ ಅಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ಅದನ್ನು ಬರೆಸಿದವರಿಗೂ ಗೊತ್ತು. 1955ರ ಆ ಕಲಂ ಇಲ್ಲೂ ಅನ್ವಯವಾಗುತ್ತದೆ. ಆದರೆ ಬಾರದ ಫೋನಿನ ಮೇಲೆ ಕೇಸು ಹಾಕುವುದು ಹೇಗೆ? ‘ಇಲ್ಲ’ ಅಂತ ಯಾರೂ ಹೇಳಿಯೇ ಇಲ್ಲವಲ್ಲ.

ನಗರದ ಗೆರೆ ಹಳ್ಳಿಯದ್ದಕ್ಕಿಂತ ಜಾಣ. ಹಳ್ಳಿಯಲ್ಲಿ ಕೇರಿ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಬಹುದು. ಇಲ್ಲಿ ಅದು ಬ್ರೋಕರ್ ಫೋನಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ‘ಒಳ್ಳೆ ಫ್ಯಾಮಿಲಿ’ ಎಂಬ ಎರಡು ಪದದಲ್ಲಿ ಅಡಗಿರುತ್ತದೆ. ಅದಕ್ಕೇ ತೋರಿಸುವ ಕೆಲಸ ಇಲ್ಲಿ ಇನ್ನೂ ಕಷ್ಟ. ನಮಗೆ ಡರ್ಬಿ ಇಲ್ಲ. ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ನುಗ್ಗಿ ಅಂತ ನಾನು ಹೇಳುತ್ತಿಲ್ಲ, ಲೂಯಿವಿಲ್‌ನವರೇ ದೊಡ್ಡ ದಿನದಂದು ಅದನ್ನು ಬೇಡ ಅಂದವರು. ಗೆರೆಯ ಈಚೆ ಇರುವವನು ಮಾತ್ರ ಅದನ್ನು ತೋರಿಸಬೇಕು ಎನ್ನುವ ನಿಯಮವೂ ಇಲ್ಲ. ಬ್ರೇಡನ್ ದಂಪತಿ ಗೆರೆಯ ಆಚೆಯವರೇ ಆಗಿದ್ದರು. ಅವರು ಮಾಡಿದ್ದು ಒಂದು ಮನೆಯ ಕಾಗದಕ್ಕೆ ಸಹಿ ಹಾಕಿದ್ದು, ಅಷ್ಟೇ.

ನಿಮ್ಮ ಕೈಯಲ್ಲೂ ಅಂಥ ಒಂದು ಸಹಿ ಇದೆ. ಬಾಡಿಗೆ ಮನೆ ಖಾಲಿ ಮಾಡುವ ತಿಂಗಳು ಓನರ್ ಒಂದು ಮಾತು ಹೇಳಿಯೇ ಹೇಳುತ್ತಾರೆ: ‘ನಿಮ್ಮಂಥೋರೇ ಯಾರಾದ್ರೂ ಇದ್ರೆ ಹೇಳಿ.’ ಕೇಳಲು ಅದು ನಿಮಗೆ ಕೊಟ್ಟ ಸರ್ಟಿಫಿಕೇಟಿನ ಹಾಗಿರುತ್ತದೆ. ಆಗ ‘ನಮ್ಮಂಥೋರು ಅಂದ್ರೆ ಹೆಂಗೆ ಆಂಟಿ?’ ಅಂತ ನಗುತ್ತಲೇ ಒಂದು ಸಲ ಕೇಳಿ ನೋಡಿ. ಬಾಡಿಗೆ ಸರಿಯಾಗಿ ಕೊಡೋರು, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳೋರು ಅಂತ ಅವರು ಹೇಳಿದರೆ ಒಳ್ಳೆಯದು. ಬೇರೆ ಏನಾದರೂ ಬಾಯಿಗೆ ಬಂದರೆ, ಮೊದಲ ಸಲ ಅದು ಜೋರಾಗಿ ಹೇಳಿದ ಮಾತಾಗುತ್ತದೆ. ಕೇಳಿಸಿಕೊಂಡ ಸಾಕ್ಷಿಯಾಗಿ ನೀವು ಇರುತ್ತೀರಿ.

ನನ್ನ ತಂಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಅವಳು ಮನೆ ಹುಡುಕಬೇಕು. ಬಾಡಿಗೆ ಸರಿಯಾಗಿ ಕೊಡುತ್ತಾಳೆ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾಳೆ. ನಿಮ್ಮಂಥವಳೇ.